ಹೆಬ್ಬೆಟ್ಟಿಗೊಬ್ಬ ಸಾಕ್ಷಿ

ಚನ್ನರಾಯಪಟ್ಟಣದ ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ವಯಸ್ಸು ಎಪ್ಪತ್ತೈದರ ಆಸುಪಾಸು. ಅವರಿಗೇ ಸರಿಯಾಗಿ ಗೊತ್ತಿಲ್ಲ. ಹರೆಯದಿಂದಲೂ ತೆಂಗಿನಕಾಯಿಯ ಸಿಪ್ಪೆ ಬಡಿದು, ನಾರು ಬಿಡಿಸಿ, ಹಗ್ಗ ಹೊಸೆದು ಸಂಸಾರ ಸಾಗಿಸಿದವರು. ಮಗ ಬೆಂಗಳೂರಿನಲ್ಲಿ ಯಾವುದೋ ಗೋದಾಮಿನ ಕಾವಲಿಗಿದ್ದಾನೆ. ಒಂದು ತಿಂಗಳು ಅಜ್ಜಿಯನ್ನು ರೇಷನ್ ಅಂಗಡಿಗೆ ಕರೆದುಕೊಂಡು ಹೋಗುವ ಕೆಲಸ ನಮ್ಮ ಪಾಲಿಗೆ ಬಂತು. ಅಲ್ಲಿ ನಡೆದದ್ದು ದೊಡ್ಡ ಘಟನೆಯೇನೂ ಅಲ್ಲ. ಓದುಗರಲ್ಲಿ ಅನೇಕರು ತಮ್ಮ ತಮ್ಮ ಊರಿನಲ್ಲಿ ಇದನ್ನು ಕಂಡೇ ಇರುತ್ತಾರೆ.

ಅಜ್ಜಿಯ ಸರದಿ ಬಂತು. ಯಂತ್ರದ ಗಾಜಿನ ಮೇಲೆ ಹೆಬ್ಬೆಟ್ಟು ಇಟ್ಟರು. ಕೆಂಪು ದೀಪ ಹತ್ತಿತು. ಅಂಗಡಿಯವರು ಗಾಜನ್ನು ಒರೆಸಿ, "ಇನ್ನೊಂದ್ಸಲ ಇಡಿ ಅಜ್ಜಿ, ಗಟ್ಟಿಯಾಗಿ ಒತ್ತಿ" ಎಂದರು. ಮತ್ತೆ ಕೆಂಪು ದೀಪ. ಬೆರಳನ್ನು ತಲೆಗೂದಲಿಗೆ ತಿಕ್ಕಿಕೊಳ್ಳಲು ಹೇಳಿದರು. ಸೋಪು ಹಾಕಿ ತೊಳೆದುಕೊಂಡು ಬರಲು ಹೇಳಿದರು. ಅಜ್ಜಿ ಪಕ್ಕದ ಮನೆಯ ನಲ್ಲಿಯಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದರು. ಯಂತ್ರ ಒಪ್ಪಲಿಲ್ಲ. ಮೊಬೈಲಿಗೆ ಓಟಿಪಿ ತರಿಸೋಣವೆಂದರೆ, ಕಾರ್ಡಿಗೆ ಸೇರಿಸಿದ ನಂಬರು ಮಗನ ಹಳೆಯ ಸಿಮ್‌ನದು. ಅದು ಕಳೆದುಹೋಗಿ ವರ್ಷಗಳೇ ಆಗಿವೆ.

"ಇವತ್ತು ತಗೊಳ್ತಿಲ್ಲ ಅಜ್ಜಿ. ನಾಳೆ ಬನ್ನಿ. ನಾನೇನ್ ಮಾಡ್ಲಿ ಹೇಳಿ?"

"ಮೂವತ್ತು ವರ್ಸದಿಂದ ನನ್ ಮಕ ನೋಡ್ತಾ ಇದೀಯಲ್ಲಪ್ಪಾ" ಎಂದರು ಅಜ್ಜಿ.

ಅಂಗಡಿಯವರು ತಲೆ ತಗ್ಗಿಸಿದರು. ಅವರು ಕೆಟ್ಟ ಮನುಷ್ಯರಲ್ಲ. ಆ ಅಜ್ಜಿ ಯಾರೆಂಬುದು ಅವರಿಗೆ ಗೊತ್ತು, ಹಿಂದೆ ನಿಂತಿದ್ದ ಸಾಲಿಗೂ ಗೊತ್ತು, ನಮಗೂ ಗೊತ್ತು. ಗೊತ್ತಿಲ್ಲದಿದ್ದುದು ಆ ಯಂತ್ರಕ್ಕೆ ಮಾತ್ರ. ಆದರೆ ಅಂದು ನಡೆದದ್ದು ಅದರ ಮಾತೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಸರಕಾರ ಅಕ್ಕಿ ಕೊಟ್ಟಿದೆ, ಪೂಜಾರಿಯೂ ಕೊಡಲು ಸಿದ್ಧನಿದ್ದಾನೆ, ಆದರೂ ಅಜ್ಜಿಯ ಚೀಲ ಖಾಲಿ. ಹಾಗಾದರೆ 'ಇಲ್ಲ' ಎಂದವರು ಯಾರು? ಈ ಪ್ರಶ್ನೆ ಬಹಳ ದಿನ ನಮ್ಮನ್ನು ಕಾಡಿತು.

ಯಂತ್ರವನ್ನು ದೂರುವುದು ಸುಲಭ. ಆದರೆ ಅದು ನ್ಯಾಯವಲ್ಲ. ನಮ್ಮ ಜಿಲ್ಲೆಯವರಂತೂ ಯಂತ್ರಗಳನ್ನು ಹಗುರವಾಗಿ ನೋಡುವಂತಿಲ್ಲ. ಹಾಸನದಲ್ಲಿ 1982ರಲ್ಲಿ ಆರಂಭವಾದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳನ್ನು ಅಲ್ಲಿ ಕುಳಿತೇ ನಿಯಂತ್ರಿಸುತ್ತಾರೆ. ಅಷ್ಟು ದೂರದ ಉಪಗ್ರಹ ಹೇಳಿದ ಮಾತು ಕೇಳುತ್ತದೆ. ಗೇಣು ದೂರದ ಯಂತ್ರ ಅಜ್ಜಿಯ ಬೆರಳನ್ನು ಗುರುತಿಸುವುದಿಲ್ಲ. ಇದನ್ನು ವಿಜ್ಞಾನದ ಸೋಲು ಎನ್ನಲಾಗದು. ಹಾಸನದ ಕೇಂದ್ರ ಶುರುವಾದ ವರ್ಷವೇ, ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಉಪಗ್ರಹ ಸೆಪ್ಟೆಂಬರ್‌ನಲ್ಲಿ ಕೈಬಿಟ್ಟುಹೋಯಿತು. ಯಂತ್ರ ಕೈಕೊಡುತ್ತದೆ ಎಂಬುದು ಅಲ್ಲಿಯವರಿಗೆ ಮೊದಲ ಪಾಠದಲ್ಲೇ ತಿಳಿಯಿತು. ಆದ್ದರಿಂದ ಅಲ್ಲಿ ಹಗಲೂ ರಾತ್ರಿ ಪಾಳಿಯ ಮೇಲೆ ಜನ ಕೂರುತ್ತಾರೆ. ಹಾಸನದಲ್ಲಿ ಏನಾದರೂ ತೊಂದರೆಯಾದರೆ ಕೆಲಸ ನಿಲ್ಲದಿರಲಿ ಎಂದು 2005ರಲ್ಲಿ ಭೋಪಾಲದಲ್ಲಿ ಇನ್ನೊಂದು ಕೇಂದ್ರವನ್ನೇ ಕಟ್ಟಿದರು. ಉಪಗ್ರಹ ಉತ್ತರಿಸದಿದ್ದರೆ ಏನು ಮಾಡಬೇಕೆಂದು ಮೊದಲೇ ಯೋಚಿಸಿ, ಅದಕ್ಕೆ ಜನರನ್ನು ಇಟ್ಟವರು ನಾವೇ. ಅಜ್ಜಿಯ ಬೆರಳು ಉತ್ತರಿಸದಿದ್ದರೆ ಏನು ಮಾಡಬೇಕೆಂದು ಅಷ್ಟೇ ಕಾಳಜಿಯಿಂದ ಯೋಚಿಸಿದವರು ಯಾರು?

ಹಾಗೆಂದು ಹಳೆಯ ಕಾಲ ಚೆನ್ನಾಗಿತ್ತು ಎಂದು ನಾವು ಹೇಳುತ್ತಿಲ್ಲ. ಪಹಣಿಗಾಗಿ ಗ್ರಾಮ ಲೆಕ್ಕಿಗರ ಮನೆ ಬಾಗಿಲಲ್ಲಿ ಬೆಳಗಿನಿಂದ ಕಾದವರು ನಮ್ಮ ಹಿರಿಯರು. ಲೆಕ್ಕಿಗರ ಮನಸ್ಸು ಒಲಿದರೆ ಕಾಗದ, ಮುನಿದರೆ ಅಲೆದಾಟ. ಕಾಗದದಲ್ಲಿ ಒಂದು ಅಕ್ಷರ ತಿದ್ದಿ ಒಬ್ಬನ ಜಮೀನು ಇನ್ನೊಬ್ಬನದಾದ ಕಥೆಗಳು ಪ್ರತಿ ಹಳ್ಳಿಯಲ್ಲೂ ಇವೆ. 2000ನೇ ಇಸವಿಯ ಸುಮಾರಿಗೆ ಬಂದ ಭೂಮಿ ಯೋಜನೆ ಆ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿತು. ಸುಮಾರು 67 ಲಕ್ಷ ರೈತರ ದಾಖಲೆಗಳು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ, ಆಗ 15 ರೂಪಾಯಿಗೆ, ಯಾರಿಗೆ ಬೇಕಾದರೂ ಸಿಗುವಂತಾದವು. ಸಾಲಿನಲ್ಲಿ ನಿಂತವನು ಗೌಡನೋ ಕೂಲಿಯವನೋ ಎಂದು ಕಂಪ್ಯೂಟರು ನೋಡಲಿಲ್ಲ.

ಹೆಸರು ಹೇಳಿದ ಕೂಡಲೇ ಗುಮಾಸ್ತರ ಕಣ್ಣು ಒಂದು ಕ್ಷಣ ನಿಲ್ಲುವುದನ್ನು ಕಂಡವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಯಂತ್ರಕ್ಕೆ ಜಾತಿಯಿಲ್ಲ, ಮತವಿಲ್ಲ, ಕೇರಿಯಿಲ್ಲ. ಎಳನೀರು ಗಾಡಿಯ ಮೇಲಿನ ಪುಟ್ಟ ಡಬ್ಬಿ, "ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ" ಎಂದು ಕನ್ನಡದಲ್ಲಿ ಕೂಗಿ ಹೇಳುತ್ತದೆ. ಓದಲು ಬಾರದ ವ್ಯಾಪಾರಿಯೂ ಈಗ ಯಾರಿಂದಲೂ ಮೋಸಹೋಗದೆ ಹಣ ತೆಗೆದುಕೊಳ್ಳಬಲ್ಲ. ಇವೆಲ್ಲ ಸಣ್ಣ ಸಂಗತಿಗಳಲ್ಲ.

ಆದರೆ ಮುಖ ನೋಡದ ಯಂತ್ರ ಅಕ್ಷರ ನೋಡುತ್ತದೆ. ನಮ್ಮ ಮನೆಗಳಲ್ಲಿ ಒಬ್ಬನೇ ವ್ಯಕ್ತಿ ಶಾಲೆಯ ಸರ್ಟಿಫಿಕೇಟಿನಲ್ಲಿ ಮಹಮ್ಮದ್, ಮತಪಟ್ಟಿಯಲ್ಲಿ ಮೊಹಮ್ಮದ್, ಬ್ಯಾಂಕಿನಲ್ಲಿ ಮುಹಮ್ಮದ್. ಒಂದು ಕಡೆ ಬೀ, ಇನ್ನೊಂದು ಕಡೆ ಬೇಗಂ, ಮತ್ತೊಂದು ಕಡೆ ಬಾನು. ಪಕ್ಕದ ಬೀದಿಯ ಲಕ್ಷ್ಮಮ್ಮ ಪಹಣಿಯಲ್ಲಿ ಲಕ್ಕಮ್ಮ. ಬರೆದವರು ಯಾರೋ ಮಾಸ್ತರರು, ಯಾರೋ ಗುಮಾಸ್ತರು. ಅನುಭವಿಸುವವರು ಹೆಸರಿನ ಒಡೆಯರು. ಹಳೆಯ ಗುಮಾಸ್ತರಿಗೆ, "ಸ್ವಾಮಿ, ಇಬ್ಬರೂ ಒಬ್ಬರೇ" ಎಂದು ಹೇಳಿ ಒಪ್ಪಿಸಬಹುದಿತ್ತು. ಯಂತ್ರಕ್ಕೆ ಹೇಳುವುದು ಹೇಗೆ?

ಇಲ್ಲಿಯೇ ನಾವು ಒಂದು ವಿಷಯವನ್ನು ಬಿಡಿಸಿ ನೋಡಬೇಕು. ಹಳೆಯ ಗುಮಾಸ್ತನ ಕೈಯಲ್ಲಿ ಕೆಟ್ಟದ್ದು ಮಾಡುವ ಅಧಿಕಾರವಿತ್ತು. ಅದನ್ನು ಕಿತ್ತುಕೊಳ್ಳಬೇಕಿತ್ತು, ಕಿತ್ತುಕೊಂಡೆವು. ಅದರ ಜೊತೆಗೇ ಒಳ್ಳೆಯದು ಮಾಡುವ ಅಧಿಕಾರವೂ ಹೋಯಿತು. ಇಂದು ಕಿಟಕಿಯ ಆಚೆ ಕುಳಿತವನು ಲಂಚ ಕೇಳುವುದು ಕಷ್ಟ. ಕರುಣೆ ತೋರುವುದೂ ಅಷ್ಟೇ ಕಷ್ಟ. ಪಕ್ಷಪಾತವಿಲ್ಲದಿದ್ದರೆ ಅಷ್ಟಕ್ಕೇ ನ್ಯಾಯವಾಯಿತೆಂದು ನಾವು ತಿಳಿದುಕೊಂಡೆವು. ನ್ಯಾಯಕ್ಕೆ ಇನ್ನೊಂದು ಅಂಗವಿದೆ. ಎದುರಿಗಿದ್ದವರ ಮಾತನ್ನು ಕೇಳುವುದು.

ಹೆಬ್ಬೆಟ್ಟಿನ ಚರಿತ್ರೆಯನ್ನೇ ನೋಡಿ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ, ರಸ್ತೆಗೆ ಸಾಮಗ್ರಿ ಒದಗಿಸುವ ರಾಜ್ಯಧರ ಕೋನಾಯ್ ಎಂಬವರಿಂದ ಕರಾರು ಪತ್ರದ ಹಿಂದೆ ಇಡೀ ಅಂಗೈಯ ಗುರುತು ಹಾಕಿಸಿಕೊಂಡ. ನಾಳೆ, "ಈ ರುಜು ನನ್ನದಲ್ಲ" ಎನ್ನದಿರಲಿ ಎಂಬುದು ಅವನ ಉದ್ದೇಶ. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ವಿಭಾಗ ತೆರೆಯಿತು. ಬೆರಳಿನ ಗುರುತುಗಳನ್ನು ವಿಂಗಡಿಸಿ ಹುಡುಕುವ ಗಣಿತವನ್ನು ಕಟ್ಟಿದವರಲ್ಲಿ ಮುಖ್ಯರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್; ಜಗತ್ತಿನಲ್ಲಿ ಅದು ಪ್ರಸಿದ್ಧವಾದದ್ದು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ. ಹುಟ್ಟಿನಿಂದಲೇ ಬೆರಳಚ್ಚಿನ ಕೆಲಸ ಸಂಶಯಿಸುವುದು. ಪ್ರಜೆಯ ಮೇಲೆ ಅಧಿಕಾರಿಗಿದ್ದ ಅಪನಂಬಿಕೆಯಿಂದ ಅದು ಬಂತು.

ಬೆರಳಿನ ಗೆರೆ ಕಾಲಕ್ಕೆ ಬದಲಾಗುವುದಿಲ್ಲ ಎಂದು ತೋರಿಸಲು ಹರ್ಷೆಲ್ ತನ್ನದೇ ಬೆರಳಿನ ಗುರುತುಗಳನ್ನು ಅರ್ಧ ಶತಮಾನಕ್ಕೂ ಹೆಚ್ಚಿನ ಅಂತರದಲ್ಲಿ ತೆಗೆದು ಹೋಲಿಸಿದ. ಅವನದು ಲೇಖನಿ ಹಿಡಿದ ಕೈ. ನಮ್ಮ ಅಜ್ಜಿಯದು ಹಗ್ಗ ಹೊಸೆದ ಕೈ. ನಾರಿನ ಉಜ್ಜಾಟಕ್ಕೆ ಗೆರೆಗಳು ಸವೆದಿವೆ. ಗಾರೆ ಕಲಸುವವರು, ಪಾತ್ರೆ ತಿಕ್ಕುವವರು, ಕಲ್ಲು ಒಡೆಯುವವರು, ಎಲ್ಲರದೂ ಇದೇ ಪಾಡು. ಹೆಚ್ಚು ದುಡಿದಷ್ಟೂ ಯಂತ್ರಕ್ಕೆ ಪರಿಚಯ ಕಡಿಮೆ. ಅಕ್ಕಿಯ ಅಗತ್ಯ ಹೆಚ್ಚಿರುವ ಬೆರಳೇ ಮೊದಲು ತಿರಸ್ಕಾರವಾಗುತ್ತದೆ. ಯಾರೂ ಬೇಕೆಂದು ಮಾಡಿದ ಅನ್ಯಾಯವಲ್ಲ ಇದು. ಆದರೆ ಬೇಕೆಂದು ಮಾಡದಿದ್ದರೂ ಅನ್ಯಾಯ ಅನ್ಯಾಯವೇ.

ಇದು ಬರೀ ಕಿರಿಕಿರಿಯ ಮಾತೆಂದು ಯಾರೂ ತಿಳಿಯಬಾರದು. 2017ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲೇ, ಗೋಕರ್ಣದಲ್ಲಿ, ಒಂದೇ ದಲಿತ ಕುಟುಂಬದ ಮೂವರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಆಧಾರ್ ಜೋಡಣೆಯಾಗಿಲ್ಲವೆಂದು ಅವರ ಪಡಿತರ ನಿಂತಿತ್ತು, ಹಸಿವೇ ಸಾವಿಗೆ ಕಾರಣ ಎಂದು ಪಿಯುಸಿಎಲ್ ಸಂಘಟನೆಯ ಸತ್ಯಶೋಧನಾ ತಂಡ ಹೇಳಿತು. ಆಡಳಿತ ಒಪ್ಪಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಜಾರ್ಖಂಡ್‌ನ ಸಿಮ್ಡೇಗಾ ಜಿಲ್ಲೆಯಲ್ಲಿ 11 ವರ್ಷದ ಬಾಲಕಿ ಸತ್ತಳು. ಅವರ ರೇಷನ್ ಕಾರ್ಡೂ ಆಧಾರ್ ಜೋಡಣೆಯಾಗದೆ ರದ್ದಾಗಿತ್ತು. ಅನ್ನ ಕೇಳುತ್ತಾ ಸತ್ತಳೆಂದು ತಾಯಿ, ಮಲೇರಿಯಾದಿಂದ ಎಂದು ಅಧಿಕಾರಿಗಳು. ಕಾರಣದ ಬಗ್ಗೆ ವಾದ ಏನೇ ಇರಲಿ, ಆ ಮನೆಗಳಿಗೆ ಅಕ್ಕಿ ನಿಂತದ್ದು ಸುಳ್ಳಲ್ಲ. ಅದನ್ನು ನಿಲ್ಲಿಸಿದವರು ನಾವು ಎಂದು ಹೇಳಿದವರು ಯಾರೂ ಇಲ್ಲ.

ಆ ಸುದ್ದಿಗಳ ನಂತರ, 2017ರ ಅಕ್ಟೋಬರ್ 24ರಂದು, ಕೇಂದ್ರದ ಆಹಾರ ಇಲಾಖೆ ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿತು. ಬೆರಳಚ್ಚು ಹೊಂದದಿದ್ದರೂ, ಆಧಾರ್ ಇಲ್ಲದಿದ್ದರೂ, ಅರ್ಹರಿಗೆ ಧಾನ್ಯ ನಿರಾಕರಿಸುವಂತಿಲ್ಲ. ಬೇರೆ ಗುರುತು ನೋಡಿ, ಪ್ರತ್ಯೇಕ ಪುಸ್ತಕದಲ್ಲಿ ಬರೆದುಕೊಂಡು ಕೊಡಬೇಕು ಎಂಬುದು ಅದರ ಸಾರ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 26ರಂದು ತೀರ್ಪು ಕೊಟ್ಟಿತು. ಸರಕಾರದ ಸವಲತ್ತುಗಳಿಗೆ ಆಧಾರ್ ಕೇಳಬಹುದೆಂದು ಬಹುಮತ ಒಪ್ಪಿತು. ಒಬ್ಬ ನ್ಯಾಯಮೂರ್ತಿ ಭಿನ್ನಮತ ಬರೆದರು. ಕಾನೂನಿನ ಆ ದೊಡ್ಡ ಚರ್ಚೆಗೆ ನಾವು ಇಲ್ಲಿ ಇಳಿಯುವುದಿಲ್ಲ. ಸುತ್ತೋಲೆ ದೆಹಲಿಯಲ್ಲಿದೆ, ಅಜ್ಜಿ ಚನ್ನರಾಯಪಟ್ಟಣದಲ್ಲಿದ್ದಾರೆ. ನಡುವಿನ ದಾರಿಯನ್ನು ನಡೆಯುವವರು ಯಾರು ಎಂಬುದಷ್ಟೇ ನಮ್ಮ ಪ್ರಶ್ನೆ.

ಆ ದಾರಿಯಲ್ಲಿ ನಾವೇ ಎಡವಿದ್ದನ್ನು ಈಗ ಹೇಳಬೇಕು. ಅಜ್ಜಿಯ ಬೆರಳಚ್ಚನ್ನು ಹೊಸದಾಗಿ ತೆಗೆಸಿ, ಫೋನ್ ನಂಬರ್ ಸರಿಪಡಿಸಿಕೊಡುತ್ತೇವೆ ಎಂದು ಮಾತು ಕೊಟ್ಟಿದ್ದೆವು. ಒಂದು ವಾರ ಹೋಯಿತು, ಎರಡು ವಾರ ಹೋಯಿತು. ಮದುವೆಗಳಿದ್ದವು, ಕೆಲಸಗಳಿದ್ದವು, ನಿಜ ಹೇಳಬೇಕೆಂದರೆ ಸೋಮಾರಿತನವೂ ಇತ್ತು. ಒಂದು ಬೆಳಿಗ್ಗೆ ಅಜ್ಜಿ ಗೇಟಿನ ಹತ್ತಿರ ಬಂದು, "ಏನಾತಪ್ಪಾ ನಂದು?" ಎಂದರು. ನಮ್ಮ ಬಾಯಿಂದ ಯೋಚನೆಯೇ ಇಲ್ಲದೆ ಒಂದು ಮಾತು ಬಂತು: "ಸರ್ವರ್ ಇಲ್ಲ ಅಜ್ಜಿ."

ಅವರು ನಂಬಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು. "ಅದ್ಯಾರಪ್ಪಾ ಆ ಸರ್ವರ್ರು? ಎಲ್ಲಿ ಕೇಳಿದ್ರೂ ಅವನು ಇಲ್ಲ ಅಂತಾರೆ. ಯಾವಾಗ ಬತ್ತಾನೆ?"

ನಮ್ಮ ಕಡೆ ಸರ್ವರ್ ಎಂದರೆ ಹೋಟೆಲಿನಲ್ಲಿ ಇಡ್ಲಿ ತಂದುಕೊಡುವವನು. ಮೊದಲು ನಗು ಬಂತು. ಆಮೇಲೆ ನಗು ನಿಂತುಹೋಯಿತು. ಅಜ್ಜಿಯ ಪ್ರಶ್ನೆಯಲ್ಲಿ ತಪ್ಪೇನಿತ್ತು? ತಮ್ಮ ಅಕ್ಕಿಯನ್ನು ತಡೆದವನು ಒಬ್ಬ ಮನುಷ್ಯನಿರಬೇಕು, ಅವನಿಗೆ ಮುಖವಿರಬೇಕು, ಅವನು ಬಂದಾಗ ಕಷ್ಟ ಹೇಳಿಕೊಳ್ಳಬಹುದು ಎಂದು ಅವರು ತಿಳಿದಿದ್ದರು. ಆ ಮನುಷ್ಯ ನಿಜಕ್ಕೂ ಇದ್ದ. ಆ ದಿನ ಅವನು ಗೇಟಿನ ಒಳಗೆ ನಿಂತಿದ್ದ. ನಮ್ಮ ಆಲಸ್ಯಕ್ಕೆ ನಾವು ಯಂತ್ರದ ಹೆಸರಿಟ್ಟಿದ್ದೆವು.

ಅಂದಿನಿಂದ ಆ ಮಾತು ಎಲ್ಲೆಲ್ಲಿ ಕೇಳಿಬರುತ್ತದೆಂದು ಗಮನಿಸತೊಡಗಿದೆವು. ಬೇಡವಾದ ಕರೆ ಬಂದರೆ "ನೆಟ್‌ವರ್ಕ್ ಇರಲಿಲ್ಲ." ಮರೆತ ಪತ್ರಕ್ಕೆ "ಮೆಸೇಜು ಬರಲೇ ಇಲ್ಲ." ಕೊಡಲು ಮನಸ್ಸಿಲ್ಲದ ಸಾಲಕ್ಕೆ "ಆ್ಯಪ್ ಓಪನ್ ಆಗ್ತಿಲ್ಲ." ಎದುರಿಗೆ ನಿಂತು 'ಇಲ್ಲ' ಎನ್ನುವುದಕ್ಕೆ ಧೈರ್ಯ ಬೇಕು, ಎದುರಿನವರು ಅತ್ತರೆ ನೋಡಬೇಕು, ಬೈದರೆ ಕೇಳಿಸಿಕೊಳ್ಳಬೇಕು. ಯಂತ್ರವನ್ನು ಮುಂದೆ ನಿಲ್ಲಿಸಿದರೆ ಇದ್ಯಾವುದೂ ಬೇಡ. ಇಲಾಖೆ ನಮಗೆ ಹೇಳುವುದನ್ನೇ ನಾವು ನಮ್ಮವರಿಗೆ ಹೇಳುತ್ತಿದ್ದೇವೆ.

ಮರುದಿನವೇ ಅಜ್ಜಿಯನ್ನು ಕರೆದುಕೊಂಡು ಆಧಾರ್ ಕೇಂದ್ರಕ್ಕೆ ಹೋದೆವು. ಕಂಪ್ಯೂಟರಿನ ಮುಂದೆ ಕುಳಿತ ಹುಡುಗ ಬೇಸರವಿಲ್ಲದೆ ಹತ್ತೂ ಬೆರಳುಗಳನ್ನು ಒಂದೊಂದಾಗಿ ಇಡಿಸಿದ. ಹೆಬ್ಬೆಟ್ಟುಗಳು ಎರಡೂ ಬರಲಿಲ್ಲ. ಹಗ್ಗ ಹೊಸೆಯುವಾಗ ಮುಂದೆ ಬರುವ ತೋರುಬೆರಳೂ ಬರಲಿಲ್ಲ. ಕೊನೆಗೆ ಎಡಗೈಯ ಉಂಗುರದ ಬೆರಳು ಸ್ಪಷ್ಟವಾಗಿ ಮೂಡಿತು. "ಇನ್ಮೇಲೆ ರೇಷನ್ ಅಂಗಡೀಲಿ ಇದನ್ನೇ ಇಡಿ ಅಜ್ಜಿ" ಎಂದ ಹುಡುಗ. ಇಷ್ಟು ವರ್ಷ ಎಲ್ಲರೂ ಹೆಬ್ಬೆಟ್ಟನ್ನೇ ಕೇಳಿದ್ದರು. ಉಳಿದ ಬೆರಳುಗಳೂ ಇವೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಹೊಸ ಗುರುತು ದಾಖಲಾಗಲು ಕೆಲವು ದಿನ ಬೇಕು. ಆ ತಿಂಗಳ ಅಕ್ಕಿಯ ಗಡುವು ಹತ್ತಿರ ಬಂದಿತ್ತು. ಅಂಗಡಿಯವರಿಗೆ ಸುತ್ತೋಲೆಯ ವಿಷಯ ಹೇಳಿದೆವು. ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: "ಬರೆದುಕೊಂಡು ಕೊಡ್ತೀನಿ ಸ್ವಾಮಿ. ನಾಳೆ ಲೆಕ್ಕ ಕೇಳಿದಾಗ ಕಳ್ಳ ಅಂತ ನನ್ನನ್ನು ಹಿಡಿದ್ರೆ ಪಕ್ಕದಲ್ಲಿ ಯಾರು ನಿಲ್ತಾರೆ?" ಯಂತ್ರ ಅಜ್ಜಿಯನ್ನಷ್ಟೇ ಸಂಶಯಿಸುತ್ತಿರಲಿಲ್ಲ, ಅವರನ್ನೂ ಸಂಶಯಿಸುತ್ತಿತ್ತು. ಹೆದರಿದವನಿಂದ ಕರುಣೆ ನಿರೀಕ್ಷಿಸುವುದು ಹೇಗೆ? ನಾವು ನಿಲ್ಲುತ್ತೇವೆ ಎಂದೆವು. ಸಾಲಿನಲ್ಲಿದ್ದ ಇನ್ನೊಬ್ಬರೂ ನಿಲ್ಲುತ್ತೇನೆ ಎಂದರು. ಪುಸ್ತಕ ತೆರೆದು, ಕಾರ್ಡಿನ ವಿವರ ಬರೆದು, ಅಜ್ಜಿಯ ಹೆಬ್ಬೆಟ್ಟಿಗೆ ಶಾಯಿ ಹಚ್ಚಿದರು. ಕಾಗದದ ಮೇಲೆ ಗೆರೆಯೇ ಇಲ್ಲದ ಒಂದು ಕಪ್ಪು ಚುಕ್ಕೆ ಮೂಡಿತು. ಪಕ್ಕದಲ್ಲಿ ಅಂಗಡಿಯವರು ರುಜು ಮಾಡಿದರು, ಕೆಳಗೆ ನಾವಿಬ್ಬರೂ ಮಾಡಿದೆವು.

ಆಗ ನಮಗೆ ಹಳೆಯ ಕ್ರಯಪತ್ರಗಳ ನೆನಪಾಯಿತು. ಅವುಗಳಲ್ಲಿ ಹೆಬ್ಬೆಟ್ಟು ಎಂದೂ ಒಂಟಿಯಾಗಿರುತ್ತಿರಲಿಲ್ಲ. 'ಇಂಥವರ ಎಡಗೈ ಹೆಬ್ಬೆಟ್ಟಿನ ಗುರುತು' ಎಂದು ಬರೆದವನು ತನ್ನ ಹೆಸರನ್ನು 'ಬಿಕ್ಕಲಂ' ಎಂದು ಕೆಳಗೆ ಹಾಕುತ್ತಿದ್ದ. ಅದರ ಕೆಳಗೆ ಸಾಕ್ಷಿಗಳು. ಓದು ಬಾರದವರ ಗುರುತು ಕಾಗದದ ಮೇಲೆ ನಿಲ್ಲುತ್ತಿದ್ದುದು ಅಕ್ಕಪಕ್ಕದವರ ಬೆಂಬಲದಿಂದ. ನಾವು ಹೆಬ್ಬೆಟ್ಟನ್ನು ಯಂತ್ರಕ್ಕೆ ಒಪ್ಪಿಸಿ, ಸಾಕ್ಷಿಗಳನ್ನು ಮನೆಗೆ ಕಳಿಸಿಬಿಟ್ಟೆವು.

ನಮ್ಮ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 1368ರ ಒಂದು ಶಾಸನವಿದೆ. ತಮಗೆ ಅನ್ಯಾಯವಾಗಿದೆ ಎಂದು ಜೈನರು ವೈಷ್ಣವರ ಮೇಲೆ ದೂರು ತಂದಾಗ ವಿಜಯನಗರದ ಬುಕ್ಕರಾಯ ಇಬ್ಬರನ್ನೂ ಕರೆಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟನೆಂದು ಅದು ಹೇಳುತ್ತದೆ. ಮುಂದೆ ಬೆಳಗೊಳದ ಕಾವಲಿಗೆ ಇಪ್ಪತ್ತು ಜನರನ್ನು ನೇಮಿಸುವ ಹೊಣೆ ಯಾರದೆಂದು ಹೆಸರನ್ನೂ ಕೊರೆಸಿದರು. ರಾಜರ ಕಾಲ ಮರಳಿ ಬರಲಿ ಎಂಬ ಆಸೆ ನಮಗಿಲ್ಲ. ಆದರೆ ದೂರು ಕೇಳಲು ಒಬ್ಬನಿದ್ದ, ತೀರ್ಮಾನ ಅವನದಾಗಿತ್ತು, ನೋಡಿಕೊಳ್ಳಬೇಕಾದವನ ಹೆಸರು ಎಲ್ಲರಿಗೂ ಕಾಣುವಂತೆ ಕಲ್ಲಿನ ಮೇಲಿತ್ತು. ಆರು ಶತಮಾನಗಳ ಮೇಲೆ ಅದೇ ತಾಲ್ಲೂಕಿನ ಅಜ್ಜಿಗೆ 'ಇಲ್ಲ' ಎಂದವರ ಹೆಸರು ತಿಳಿಯಲಿಲ್ಲ ಎಂದರೆ, ನಾವು ಮುಂದೆ ಬಂದದ್ದು ಎಲ್ಲಿಗೆ?

ಯಂತ್ರಗಳು ಇನ್ನೂ ಚುರುಕಾಗುತ್ತವೆ. ಕಣ್ಣಿನ ಪಾಪೆಯಿಂದ, ಮುಖದಿಂದ ಗುರುತಿಸುವುದೂ ಬಂದಾಗಿದೆ. ಬರಲಿ, ಒಳ್ಳೆಯದೇ. ಆದರೆ ಎಷ್ಟೇ ಚುರುಕಾದರೂ ಯಾರೋ ಒಬ್ಬರನ್ನು ಅದು ಗುರುತಿಸದೇ ಉಳಿಯುತ್ತದೆ; ಆ ಒಬ್ಬರು ನಮ್ಮ ತಾಯಿಯಾಗಿರಬಹುದು. ಆದ್ದರಿಂದ ಕೇಳಬೇಕಾದದ್ದು ಇಷ್ಟೇ. ಯಂತ್ರವಿರುವ ಪ್ರತಿ ಕಿಟಕಿಯಲ್ಲೂ 'ಹೌದು' ಎನ್ನುವ ಅಧಿಕಾರವುಳ್ಳ ಒಬ್ಬ ಮನುಷ್ಯನಿರಲಿ. ಅವನ ಹೆಸರು ಗೋಡೆಯ ಮೇಲಿರಲಿ. ಅವನು ಒಳ್ಳೆಯ ಮನಸ್ಸಿನಿಂದ ಬರೆದುಕೊಟ್ಟದ್ದಕ್ಕೆ ಇಲಾಖೆ ಅವನ ಪಕ್ಕದಲ್ಲಿ ನಿಲ್ಲಲಿ. ಹಾಗೆಯೇ ಸಾಲಿನಲ್ಲಿರುವ ನಾವೂ ನಮ್ಮ ಚೀಲ ತುಂಬಿತೆಂದು ತಿರುಗಿ ನೋಡದೆ ಹೊರಡುವುದನ್ನು ಬಿಡೋಣ. "ಇವರು ನಮಗೆ ಗೊತ್ತು" ಎಂದು ಹೇಳಲು ಯಾವ ಸರ್ವರೂ ಬೇಕಾಗಿಲ್ಲ.

ಮುಂದಿನ ತಿಂಗಳು ಅಜ್ಜಿ ಒಬ್ಬರೇ ಅಂಗಡಿಗೆ ಹೋಗಿ ಬಂದರು. ಚೀಲವನ್ನು ನಮ್ಮ ಜಗಲಿಯ ಮೇಲೆ ಇಳಿಸಿ, ಎಡಗೈಯ ಉಂಗುರದ ಬೆರಳನ್ನು ಎತ್ತಿ ತೋರಿಸಿದರು. "ಒಂದು ದಿನ ಕೆಲಸ ಮಾಡ್ದೋನಲ್ಲ ಇವನು. ಈಗ ಇವನ ಮಾತೇ ನಡೀತದೆ ನೋಡು" ಎಂದು ನಕ್ಕರು. ಅವರು ಚೀಲ ಹೊತ್ತು ಮನೆಗೆ ಹೊರಟಾಗ, ಇನ್ನೊಂದು ತುದಿಯನ್ನು ಹಿಡಿದುಕೊಂಡು ನಾವೂ ಹೋದೆವು.